ಬಿಡಿಭಾಗ ವಿಭಾಗದ ದಾಸ್ತಾನು ಕ್ರಮದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೂ ಗ್ಯಾರೇಜು ಮಾಲೀಕರಿಗೂ ನಮಸ್ಕಾರಗಳು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶಿವಮೊಗ್ಗದ ನಮ್ಮ ಬಿಡಿಭಾಗ ವಿಭಾಗದಲ್ಲಿ ಸಾಮಾನು ತರಿಸುವ, ಇಡುವ ಮತ್ತು ಕೊಡುವ ಕ್ರಮ ಬದಲಾಗುತ್ತಿದೆ. ಕೌಂಟರಿನಲ್ಲಿ ತಮಗೆ ಕಾಣಲಿರುವ ವ್ಯತ್ಯಾಸಗಳನ್ನೂ ಅವುಗಳ ಕಾರಣವನ್ನೂ ಮುಂಚಿತವಾಗಿ ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ.

2020ರ ಏಪ್ರಿಲ್‌ನಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ (ಹಿಂದಿನದು ಬಿಎಸ್-4) ಜಾರಿಗೆ ಬಂದ ಮೇಲೆ ಒಂದೇ ಹೆಸರಿನ ಗಾಡಿಗೂ ಬೇರೆ ಬೇರೆ ಫಿಲ್ಟರ್, ಸೆನ್ಸರ್, ಇಂಜೆಕ್ಟರ್‌ಗಳು ಬಂದಿವೆ. ಬಿಎಸ್-4 ಗಾಡಿಗಳೂ ಅದಕ್ಕಿಂತ ಹಳೆಯವೂ ಇನ್ನೂ ರಸ್ತೆಯಲ್ಲಿರುವುದರಿಂದ ಅವುಗಳ ಸಾಮಾನನ್ನೂ ಬಿಡುವಂತಿಲ್ಲ. ಹೀಗಾಗಿ ‘ಪಿಕಪ್ಪಿಗೆ ಡೀಸೆಲ್ ಫಿಲ್ಟರ್’ ಎಂದಷ್ಟೇ ಕೇಳಿದರೆ ಸರಿಯಾದದ್ದನ್ನು ಕೊಡುವುದು ಕಷ್ಟ. ಇನ್ನು ಮುಂದೆ ದಯವಿಟ್ಟು ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನೋ ಹಳೆಯ ಭಾಗದ ಮೇಲಿನ ಪಾರ್ಟ್ ನಂಬರನ್ನೋ ತನ್ನಿ; ಫೋನಿನಲ್ಲಿ ತೆಗೆದ ಫೋಟೋ ಸಾಕು.

ಪ್ರತಿಯೊಂದು ಭಾಗಕ್ಕೂ ಅದು ಎಷ್ಟಕ್ಕೆ ಇಳಿದಾಗ ಮತ್ತೆ ತರಿಸಬೇಕು ಎಂಬ ಮಟ್ಟವನ್ನು ಗೊತ್ತುಮಾಡುತ್ತಿದ್ದೇವೆ. ಉದಾಹರಣೆಗೆ, ದಿನಕ್ಕೆ ನಾಲ್ಕರಂತೆ ಹೋಗುವ ಆಯಿಲ್ ಫಿಲ್ಟರ್ ಬೆಂಗಳೂರಿನಿಂದ ಬರಲು ಮೂರು ದಿನ ಹಿಡಿಯುವುದಾದರೆ ಆ ಅವಧಿಗೆ ಹನ್ನೆರಡು ಬೇಕು. ಲಾರಿ ತಡವಾದರೆ ಇರಲೆಂದು ಇನ್ನು ಆರು ಸೇರಿಸಿ, ಹದಿನೆಂಟಕ್ಕೆ ಇಳಿದ ದಿನವೇ ಆರ್ಡರ್ ಹೋಗುತ್ತದೆ. ಆದರೆ ವರ್ಷವಿಡೀ ಒಂದೇ ಲೆಕ್ಕ ಮಲೆನಾಡಿಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಘಾಟಿ ಇಳಿಯುವ ಗಾಡಿಗಳಿಗೆ ಬ್ರೇಕ್ ಪ್ಯಾಡ್ ಮತ್ತು ವೈಪರ್ ಬ್ಲೇಡುಗಳು ಹೆಚ್ಚು ಬೇಕಾಗುತ್ತವೆ. ಅಡಿಕೆ ಕೊಯ್ಲು ಶುರುವಾದರೆ ತೋಟದ ದಾರಿಯಲ್ಲಿ ಭಾರ ಹೊರುವ ಪಿಕಪ್ಪುಗಳ ಕ್ಲಚ್ ಪ್ಲೇಟಿಗೆ, ಸ್ಪ್ರಿಂಗ್ ಪಟ್ಟಿಗೆ ಬೇಡಿಕೆ ಏರುತ್ತದೆ. ಆದ್ದರಿಂದ ಈ ಮಟ್ಟವನ್ನು ಋತುವಿಗೆ ತಕ್ಕಂತೆ ಏರಿಸಿ ಇಳಿಸಲಾಗುವುದು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ‘ಇಲ್ಲ’ ಎಂದು ಹೇಳಿ ಕಳಿಸಿದ ಬೇಡಿಕೆಗಳ ದಾಖಲೆ. ಮಾರಾಟವಾದ ಸಾಮಾನಿಗೆ ಬಿಲ್ ಇರುತ್ತದೆ. ತಾವು ಕೇಳಿಯೂ ಸಿಗದೆ ಹೋದ ಭಾಗದ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಬಿಲ್ಲುಗಳನ್ನೇ ನಂಬಿ ಆರ್ಡರ್ ಹಾಕಿದರೆ ಇದ್ದದ್ದೇ ಮತ್ತೆ ಬರುತ್ತದೆ, ಇಲ್ಲದ್ದು ಇಲ್ಲವಾಗಿಯೇ ಉಳಿಯುತ್ತದೆ. ಆದಕಾರಣ ಕೌಂಟರಿನವರು ಇಂಥ ಪ್ರತಿಯೊಂದು ಬೇಡಿಕೆಯನ್ನೂ ಬರೆದುಕೊಳ್ಳುತ್ತಾರೆ. ಅದಕ್ಕೆ ಒಂದೆರಡು ನಿಮಿಷ ಹಿಡಿಯಬಹುದು, ಸಹಕರಿಸಬೇಕೆಂದು ಕೋರುತ್ತೇವೆ.

ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಸ್ಟಾಕ್ ಎಣಿಸುವುದರ ಬದಲು, ಪ್ರತಿದಿನ ಬೆಳಿಗ್ಗೆ ಕೆಲವು ರ‍್ಯಾಕುಗಳನ್ನು ಎಣಿಸಿ ಕಂಪ್ಯೂಟರಿನ ಲೆಕ್ಕದೊಂದಿಗೆ ತಾಳೆ ನೋಡಲಾಗುವುದು. ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಫೋನ್ ಮಾಡಿದವರಿಗೆ ‘ಇದೆ’ ಎಂದರೆ ಅದು ಕಪಾಟಿನಲ್ಲಿ ಇರಲೇಬೇಕು. ಬಿಚ್ಚಿಟ್ಟ ಗಾಡಿಯನ್ನು ಬಿಟ್ಟು ಬಸ್ಸು ಹತ್ತಿ ಬರುವ ಮೆಕ್ಯಾನಿಕ್ಕಿಗೆ ಒಂದು ದಿನದ ದುಡಿಮೆ ಹೋಗಬಾರದು. ಹಾಗೆ ಕೇಳಿದ ಭಾಗವನ್ನು ಅಂದು ಸಂಜೆಯವರೆಗೆ ತಮ್ಮ ಹೆಸರಿನಲ್ಲಿ ತೆಗೆದಿಡುತ್ತೇವೆ.

ಬ್ರೇಕ್ ಆಯಿಲನ್ನು ದೊಡ್ಡ ಡಬ್ಬದಿಂದ ಬಿಡಿಯಾಗಿ ಅಳೆದು ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯತೊಡಗಿ, ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಕೆಳಗಿಳಿದು ಬ್ರೇಕ್ ಹಿಡಿಯದೆ ಹೋಗಬಹುದು. ನಮ್ಮ ಕಡೆಯ ಮಳೆಯಲ್ಲಿ, ನಮ್ಮ ಘಾಟಿಗಳಲ್ಲಿ ಈ ಅಪಾಯಕ್ಕೆ ಎಡೆಗೊಡಲು ನಮಗೆ ಮನಸ್ಸಿಲ್ಲ. ಇನ್ನು ಸೀಲ್ ಇರುವ ಸಣ್ಣ ಡಬ್ಬಗಳು ಮಾತ್ರ ದೊರೆಯುತ್ತವೆ, ಬೆಲೆ ಸ್ವಲ್ಪ ಹೆಚ್ಚಾದೀತು. ಬ್ಯಾಟರಿ, ಬೆಲ್ಟ್, ರಬ್ಬರ್ ಹೋಸುಗಳನ್ನು ಮೊದಲು ಬಂದದ್ದು ಮೊದಲು ಹೋಗುವಂತೆ ತಾರೀಖು ಬರೆದು ಜೋಡಿಸುತ್ತೇವೆ.

ಅಪರೂಪದ ಭಾಗಗಳಿಗೆ ಅರ್ಧ ಹಣ ಮುಂಗಡ ಪಡೆದು ತರಿಸಿಕೊಡಲಾಗುವುದು. ಪ್ಯಾಕ್ ಒಡೆಯದ ಸಾಮಾನನ್ನು ಬಿಲ್ಲಿನೊಂದಿಗೆ ಏಳು ದಿನದೊಳಗೆ ಹಿಂತಿರುಗಿಸಬಹುದು. ಎಲೆಕ್ಟ್ರಿಕಲ್ ಭಾಗಗಳಿಗೆ ಇದು ಅನ್ವಯಿಸುವುದಿಲ್ಲ.

ಗ್ಯಾರೇಜು ಮಾಲೀಕರಲ್ಲಿ ಒಂದು ವಿನಂತಿ: ತಮ್ಮಲ್ಲಿಗೆ ಹೆಚ್ಚಾಗಿ ಬರುವ ಗಾಡಿಗಳ ಮಾಡೆಲ್ ಮತ್ತು ವರ್ಷದ ಪಟ್ಟಿಯನ್ನು ಈ ತಿಂಗಳೊಳಗೆ ಕೌಂಟರಿಗೆ ತಲುಪಿಸಿದರೆ, ಮುಂದಿನ ಮಳೆಗಾಲದ ಆರ್ಡರನ್ನು ಅದರ ಆಧಾರದ ಮೇಲೆಯೇ ಸಿದ್ಧಪಡಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಬಿಡಿಭಾಗ ವಿಭಾಗ