ಶಸ್ತ್ರಚಿಕಿತ್ಸೆಗೆ ಕಾಯುವವರಿಗೆ ಅವರಿಷ್ಟದ ಸಂಗೀತ ಸಿಗಲಿ

ಮಾನ್ಯ ಸಂಪಾದಕರೇ,

ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿ, ತನ್ನ ಸರದಿ ಯಾವಾಗ ಬರುವುದೋ ಎಂದು ಕಾಯುತ್ತ ಮಲಗಿರುವ ರೋಗಿಯ ಆತಂಕವನ್ನು ಸಹಜವೆಂದು ಬಿಟ್ಟುಬಿಡುವುದು ಅಥವಾ ಔಷಧಿಯಿಂದ ತಗ್ಗಿಸುವುದು ರೂಢಿ. ಆ ಹೊತ್ತಿನಲ್ಲಿ ರೋಗಿ ತನಗೆ ಬೇಕಾದ ಸಂಗೀತವನ್ನು ಹೆಡ್‌ಫೋನಿನಲ್ಲಿ ಕೇಳುವ ಅವಕಾಶವನ್ನು ಎಲ್ಲ ಆಸ್ಪತ್ರೆಗಳೂ ಕಲ್ಪಿಸಬೇಕೆಂಬುದು ನನ್ನ ಕಳಕಳಿಯ ಕೋರಿಕೆ.

ಇದು ಸಂಗೀತಪ್ರಿಯರ ಉತ್ಸಾಹದ ಮಾತಷ್ಟೇ ಅಲ್ಲ. ಒಟ್ಟು 2,051 ಮಂದಿ ಪಾಲ್ಗೊಂಡಿದ್ದ 26 ಪ್ರಯೋಗಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು, ಸಂಗೀತ ಕೇಳುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ ಕಡಿಮೆಯಾಗಬಹುದೆಂಬ ನಿರ್ಣಯಕ್ಕೆ ಬಂದಿತು. ಅದೇ ವರ್ಷ ಅಮೆರಿಕದ ಮಿನ್ನೆಸೋಟದ ತೀವ್ರ ನಿಗಾ ಘಟಕಗಳಲ್ಲಿ ವೆಂಟಿಲೇಟರ್ ಆಸರೆಯಲ್ಲಿದ್ದ 373 ರೋಗಿಗಳನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಬೇಕೆನಿಸಿದಾಗಲೆಲ್ಲ ಸಂಗೀತ ಕೇಳಬಹುದಾಗಿದ್ದ ರೋಗಿಗಳಲ್ಲಿ, ಸಾಮಾನ್ಯ ಆರೈಕೆಯಲ್ಲಿದ್ದವರಿಗಿಂತ ಆತಂಕವೂ ಕಡಿಮೆಯಿತ್ತು, ಶಮನಕಾರಿ ಔಷಧಿಯ ಬಳಕೆಯೂ ಕಡಿಮೆಯಾಗಿತ್ತು. ಕೊಳವೆಯಿಂದಾಗಿ ಮಾತನ್ನೂ ಆಡಲಾರದ, ಯಾವುದೂ ತಮ್ಮ ಹಿಡಿತದಲ್ಲಿಲ್ಲದ ಆ ರೋಗಿಗಳಿಗೆ, ಏನನ್ನು ಯಾವಾಗ ಕೇಳಬೇಕೆಂಬ ನಿರ್ಧಾರವನ್ನಾದರೂ ಬಿಟ್ಟುಕೊಟ್ಟದ್ದು ಬಹಳ ದೊಡ್ಡ ಸಂಗತಿಯೆಂದೇ ನಾನು ಭಾವಿಸುತ್ತೇನೆ.

ಆದ್ದರಿಂದ, ಆಸ್ಪತ್ರೆಯೇ ಒಂದು ಧ್ವನಿಮುದ್ರಿಕೆಯನ್ನು ಆರಿಸಿ ಎಲ್ಲರಿಗೂ ಕೇಳಿಸಿದರೆ ಸಾಲದು. ನಿಧಾನಗತಿಯ ಸಂಗೀತ ಉಸಿರಾಟವನ್ನೂ ನಾಡಿಯನ್ನೂ ಶಾಂತಗೊಳಿಸಲು ಸಾಮಾನ್ಯವಾಗಿ ನೆರವಾಗುವುದು ನಿಜವಾದರೂ, ಒಬ್ಬರಿಗೆ ನೆಮ್ಮದಿ ತರುವ ರಾಗವೇ ಮತ್ತೊಬ್ಬರಲ್ಲಿ ಅಗಲಿದವರ ನೆನಪನ್ನು ಕೆದಕಬಹುದು. 2019ರ ಅಧ್ಯಯನವೊಂದರಲ್ಲಿ, ನರಕ್ಕೆ ಅರಿವಳಿಕೆ ಕೊಡುವ ಮುನ್ನ ಕೆಲವರಿಗೆ ಆತಂಕ ತಗ್ಗಿಸುವ ಮಿಡಜೋಲಾಮ್ ಔಷಧಿಯನ್ನೂ ಇನ್ನು ಕೆಲವರಿಗೆ ಸಂಶೋಧಕರೇ ಆರಿಸಿದ ಸಂಗೀತವನ್ನೂ ಕೊಟ್ಟು ನೋಡಿದಾಗ, ಆತಂಕ ಇಳಿದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಸಂಗೀತ ಕೇಳಿದವರ ತೃಪ್ತಿ ಕಡಿಮೆಯಿತ್ತು. ಹೆಡ್‌ಫೋನ್ ಹಾಕಿಕೊಂಡವರೊಡನೆ ಮಾತನಾಡುವುದೂ ಕಷ್ಟವಾಗಿತ್ತು. ವೈದ್ಯರು ಮಾತನಾಡುವಾಗ ಸಂಗೀತವನ್ನು ನಿಲ್ಲಿಸುವ ಸರಳ ಕ್ರಮದಿಂದ ಈ ತೊಡಕನ್ನು ನಿವಾರಿಸಬಹುದು.

ಸಂಗೀತವಿದ್ದರೆ ಔಷಧಿಯೇ ಬೇಡವೆಂಬುದು ಖಂಡಿತ ನನ್ನ ವಾದವಲ್ಲ. ದೀರ್ಘಕಾಲದ ಆತಂಕದಿಂದ ಬಳಲುವವರಿಗೆ ತಜ್ಞರ ಚಿಕಿತ್ಸೆ ಬೇಕೇ ಬೇಕು. ಹಾಡು ಕೇಳಿದರೆ ಎಲ್ಲ ಸರಿಹೋಗುತ್ತದೆಂದು ಅವರಿಗೆ ಬುದ್ಧಿ ಹೇಳುವುದು ಕ್ರೂರವೆನಿಸುತ್ತದೆ.

ಈ ವ್ಯವಸ್ಥೆಗೆ ದೊಡ್ಡ ಖರ್ಚೇನೂ ಬೇಕಿಲ್ಲ. ಪ್ರತಿ ರೋಗಿಗೂ ಬದಲಾಯಿಸುವ ಹೊದಿಕೆಯುಳ್ಳ ಹೆಡ್‌ಫೋನುಗಳು, ಧ್ವನಿಯ ಮಟ್ಟದ ಮೇಲೆ ದಾದಿಯರ ಗಮನ, ಮತ್ತು ದಾಖಲಾತಿಯ ಸಮಯದಲ್ಲೇ ರೋಗಿಗೆ ಯಾವ ಸಂಗೀತ ಇಷ್ಟ, ಯಾವುದು ಬೇಡ ಎಂದು ಕೇಳಿ ಬರೆದುಕೊಳ್ಳಲು ಅರ್ಜಿಯಲ್ಲೊಂದು ಸಾಲು ಇದ್ದರೆ ಇದನ್ನು ಆರಂಭಿಸಬಹುದು. ಆಸ್ಪತ್ರೆಗಳ ಆಡಳಿತಗಾರರು ಈ ಬಗ್ಗೆ ಗಮನ ಹರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಪತ್ರಿಕೆಯ ಓದುಗ