ಟಾರ್ಚು ಈಗ ಅವಳ ಕೈಯಲ್ಲಿದೆ

ಪ್ರೀತಿಯ ಗೆಳೆಯಾ,

ಚಿತ್ರದುರ್ಗದಲ್ಲಿ ಬಿಸಿಲು ಹೇಗಿದೆ ಅಂತ ನೀನು ಕೇಳಿದ್ದೆ. ಈ ಊರಿನ ಬಂಡೆ ಒಮ್ಮೆ ಕಾದರೆ ರಾತ್ರಿ ಹತ್ತಾದರೂ ತಣಿಯುವುದಿಲ್ಲ, ನಿನಗೆ ಗೊತ್ತಲ್ಲ. ಪ್ರೆಸ್ಸಿನಲ್ಲಿ ಲಗ್ನದ ಸೀಜನ್ನು. ದಿನಕ್ಕೆ ಐದಾರು ಪತ್ರಿಕೆ ಕಂಪೋಸ್ ಮಾಡುತ್ತಿದ್ದೇನೆ. ಹಿರಿಯೂರಿನ ಕೊಡೆ ಇನ್ನೂ ನನ್ನ ಹತ್ತಿರವೇ ಇದೆ. ಕೊಡಲ್ಲ.

ಮೊನ್ನೆ ಫೋನಲ್ಲಿ "ಪುಟ್ಟಿ ಏನು ಮಾಡ್ತಾಳೆ" ಅಂದೆ ನೀನು. "ನೆರಳಿನ ಆಟದ ಹುಚ್ಚು ಹಿಡಿದಿದೆ" ಅಂದೆ ನಾನು. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆಯೇ ಬರೆಯುತ್ತಿದ್ದೇನೆ. ಮೂರು ನಾಲ್ಕು ವರ್ಷದ ಮಕ್ಕಳು ಎಷ್ಟೋ ಮನೆಯಲ್ಲಿದ್ದಾರೆ, ಅಲ್ವಾ?

ಆಟ ಶುರುವಾಗುವುದು ಬೆಳಿಗ್ಗೆ ಏಳೂವರೆಗೆ, ಟೆರೇಸಿನ ಮೇಲೆ. ಅವಳು ನೀರಿನ ಟ್ಯಾಂಕಿನ ಪಕ್ಕ ನಿಲ್ಲುತ್ತಾಳೆ. ನಾನು ಸೀಮೆಸುಣ್ಣದಲ್ಲಿ ಅವಳ ನೆರಳಿನ ಸುತ್ತ ಗೆರೆ ಎಳೆಯುತ್ತೇನೆ. ಆ ಹೊತ್ತಿನಲ್ಲಿ ಅವಳ ನೆರಳು ನನಗಿಂತ ಉದ್ದ. "ನಾನು ಅಪ್ಪನಿಗಿಂತ ದೊಡ್ಡೋಳು" ಅಂತ ಕೆಳಗಿರುವ ಅಜ್ಜಿಗೆ ಕೂಗಿ ಹೇಳುತ್ತಾಳೆ. ಒಂಬತ್ತಕ್ಕೆ ಅದೇ ಹೆಜ್ಜೆ ಗುರುತಿನ ಮೇಲೆ ನಿಂತರೆ ನೆರಳು ಗೆರೆಯೊಳಗೆ ಕೂರುವುದಿಲ್ಲ. ಗಿಡ್ಡಾಗಿ ಪಕ್ಕಕ್ಕೆ ಸರಿದಿರುತ್ತದೆ. ಮೊದಲ ದಿನ ಅವಳಿಗೆ ಸಿಟ್ಟೇ ಬಂತು. ನೆರಳು ಅಲ್ಲೇ ಇದೆ, ನಾನೇ ಗೆರೆಯನ್ನು ಸರಿಸಿದ್ದೇನೆ ಅಂತ ದೂರು. ಸೂರ್ಯ, ಭೂಮಿ ಅಂತ ನಾನೇನೂ ಶುರು ಮಾಡಲಿಲ್ಲ. ಸುಮ್ನೆ ಹಳದಿ ಸೀಮೆಸುಣ್ಣ ಕೊಟ್ಟೆ. ಹನ್ನೊಂದಕ್ಕೆ ಗುಲಾಬಿ. ಆ ಹೊತ್ತಿಗೆ ನೆಲ ಕಾದು ಕಾಲಿಡುವ ಹಾಗಿರಲಿಲ್ಲ, ಆದರೂ ಚಪ್ಪಲಿ ಹಾಕಿಕೊಂಡು ಬಂದು ನಿಂತಳು. ಟೆರೇಸಿನಲ್ಲಿ ಮೂರು ಬಣ್ಣದ ಮೂವರು ಪುಟ್ಟಿಯರು ಮಲಗಿದ್ದರು.

ಮನೆ ಮುಂದಿನ ಹೊಂಗೆ ಮರದ ಕೆಳಗೆ ಇನ್ನೊಂದು ಆಟ. ನೆರಳಿನ ನಡುನಡುವೆ ಬಿಸಿಲಿನ ಬಿಲ್ಲೆಗಳು ಬೀಳುತ್ತವಲ್ಲ, ಅವನ್ನು ಅಂಗೈಯಲ್ಲಿ ಹಿಡಿಯುವುದು. ಎಲೆಗಳ ಸಂದಿ ಹೇಗೇ ಇರಲಿ, ಬಿಲ್ಲೆ ಮಾತ್ರ ದುಂಡಗೆ. ಯಾಕಂದ್ರೆ ಅದು ಸೂರ್ಯನದೇ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಅದೇ ಬಿಲ್ಲೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು, ನೀನು ಅಂಗಿ ಬಿಚ್ಚಿ ನೆಲಕ್ಕೆ ಹಾಸಿ ತೋರಿಸಿದ್ದೆ. ಆ ಅಂಗಿಯ ವಿಷಯ ಇಲ್ಲಿ ಬೇಡ.

ಪುಸ್ತಕಗಳ ಕಥೆ ಕೇಳು. ನಮ್ಮನೆಯಲ್ಲಿ ಹಳೆಯವು ಹೊಸವು ಸೇರಿ ಒಂದು ಹದಿನೈದು ಚಿತ್ರಪುಸ್ತಕ ಇರಬಹುದು. ಈಗ ಪುಟ್ಟಿ ಪ್ರತಿ ಪುಟವನ್ನೂ ತಪಾಸಣೆ ಮಾಡುತ್ತಾಳೆ. "ಇವನಿಗೆ ನೆರಳೇ ಇಲ್ಲ. ಈ ಹಸೂಗೂ ಇಲ್ಲ." ನಾನು ನೋಡೇ ಇರಲಿಲ್ಲ ಕಣೋ. ಮೂಲೆಯಲ್ಲಿ ಸೂರ್ಯ ನಗುತ್ತಿರುತ್ತಾನೆ. ಮರ, ಬಾವಿ, ಹಸು, ಹುಡುಗ ಎಲ್ಲ ಇರುತ್ತವೆ. ಯಾವುದಕ್ಕೂ ನೆರಳಿರುವುದಿಲ್ಲ. ಪೆನ್ಸಿಲ್ ಕೊಟ್ಟೆ, "ನೀನೇ ಹಾಕು" ಅಂದೆ. ಹಸುವಿನ ನೆರಳನ್ನು ಸೂರ್ಯ ಇರುವ ಕಡೆಗೇ ಬರೆದಳು. ನಾನು ತಿದ್ದಲಿಲ್ಲ. ಸಂಜೆ ಅವಳ ಪ್ಲಾಸ್ಟಿಕ್ ಹಸುವನ್ನು ಟೆರೇಸಿಗೆ ತೆಗೆದುಕೊಂಡು ಹೋಗಿ ಕಟ್ಟೆ ಮೇಲೆ ಇಟ್ಟೆ, ಅಷ್ಟೇ. ಅವಳು ಹಸುವಿನ ಈ ಕಡೆ ಕೂತಳು, ಆ ಕಡೆ ಕೂತಳು. ಏನೂ ಹೇಳಲಿಲ್ಲ. ಮಾರನೇ ದಿನ ತಿಂಡಿ ತಿನ್ನುತ್ತಾ ರಬ್ಬರ್ ಕೇಳಿದಳು.

ಒಂದು ಪುಸ್ತಕ ಮಾತ್ರ ಅವಳಿಗೆ ಆಗಲೇ ಇಲ್ಲ. ಅದರಲ್ಲಿ ಗೋಡೆ ಮೇಲಿನ ನೆರಳಿಗೆ ಕಣ್ಣು, ಹಲ್ಲು ಎಲ್ಲ ಬರೆದಿದ್ದರು. ಕೊನೆಗೆ ಅದು ಗೂಟಕ್ಕೆ ನೇತುಹಾಕಿದ ಕೋಟು ಅಂತ ಗೊತ್ತಾಗುತ್ತದೆ. ಹೆದರಬೇಡ ಮಗು ಅಂತ ಹೇಳುವುದೇ ಉದ್ದೇಶ, ಒಪ್ಪುತ್ತೇನೆ. ಆದರೆ ಆ ಮಾತು ಬರುವುದು ಕೊನೇ ಪುಟದಲ್ಲಿ. ಸಣ್ಣ ಮಗು ಕೊನೇ ಪುಟದ ತನಕ ಕಾಯುವುದಿಲ್ಲ. ಪುಟ್ಟಿ ಮೂರನೇ ಪುಟಕ್ಕೇ ಪುಸ್ತಕವನ್ನು ಪಟ್ಟಂತ ಮುಚ್ಚಿ ಮಂಚದ ಕೆಳಗೆ ತಳ್ಳಿದಳು. ಅವಳಿಗೆ ಸರಿಹೋದದ್ದು ಕೈಬೆರಳುಗಳೂ ಗೋಡೆ ಮೇಲಿನ ಜಿಂಕೆಯೂ ಒಂದೇ ಪುಟದಲ್ಲಿರುವ ಪುಸ್ತಕ. ಯಾವುದರಿಂದ ಯಾವುದು ಆಯಿತು ಅಂತ ಕಣ್ಣೆದುರಿಗೇ ಕಾಣುತ್ತದೆ.

ಅವಳು ಆ ಪುಸ್ತಕವನ್ನು ಯಾಕೆ ತಳ್ಳಿದಳು ಅಂತ ನನಗೆ ಗೊತ್ತು. ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಫೆಬ್ರವರಿಯಲ್ಲಿ ಮನೆಯವಳು ಹೊಸದುರ್ಗಕ್ಕೆ ತವರಿಗೆ ಹೋಗಿದ್ದಳು. ಅಮ್ಮನೂ ಜೊತೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಬೆಳಗಾದರೆ ನಾಲ್ಕು ಲಗ್ನಪತ್ರಿಕೆಯ ಪ್ರೂಫ್ ಕೊಡಬೇಕಿತ್ತು. ಕರೆಂಟ್ ಹೋಯಿತು. ಪುಟ್ಟಿ ಅಮ್ಮ ಬೇಕು ಅಂತ ಹಟ ಹಿಡಿದು, ಊಟ ಬಿಟ್ಟು, ಒಂದೇ ಸಮನೆ ಅಳುತ್ತಿದ್ದಳು. ನಾನು ಫೋನಿನ ಟಾರ್ಚ್ ಹಾಕಿ ನೀರಿನ ಚೊಂಬಿಗೆ ಒರಗಿಸಿ ಇಟ್ಟೆ. ಅದರಿಂದ ಒಂದು ಗೇಣು ದೂರದಲ್ಲಿ ಕೈ ಹಿಡಿದೆ. ಗೋಡೆ ಟಾರ್ಚಿನಿಂದ ಹತ್ತು ಗೇಣು ಆಚೆ. ಕೈ ಹತ್ತು ಪಟ್ಟು ದೊಡ್ಡದಾಯಿತು. ಐದು ಬೆರಳೂ ಗೋಡೆ ಹತ್ತಿ ಸೂರಿನ ಮೇಲೆ ಬಾಗಿದವು. "ನೋಡು, ಗುಮ್ಮ ಬಂದ. ಅತ್ತರೆ ಎತ್ಕೊಂಡು ಹೋಗ್ತಾನೆ" ಅಂದೆ.

ಅವಳ ಬಾಯಿ ತೆರೆದೇ ಇತ್ತು. ಸದ್ದು ಮಾತ್ರ ನಿಂತಿತು. ಕೆಳತುಟಿಗೆ ಮೊಸರನ್ನದ ಒಂದು ಅಗುಳು ಅಂಟಿಕೊಂಡಿತ್ತು. ಅದನ್ನೂ ಒರೆಸಿಕೊಳ್ಳಲಿಲ್ಲ.

ಐದು ನಿಮಿಷದಲ್ಲಿ ಊಟ ಮುಗಿಯಿತು. ಆಮೇಲೆ ಮಲಗಿಯೂ ಬಿಟ್ಟಳು. ನನಗೆ ನೆಮ್ಮದಿ ಅನ್ನಿಸಿತು ಕಣೋ. ಪ್ರೂಫ್ ಮುಗಿಸಿದೆ. ಇಷ್ಟೇ ಆಗಿದ್ದರೆ ಒಂದು ರಾತ್ರಿಯ ಸಿಡುಕು ಅಂತ ಬಿಟ್ಟುಬಿಡುತ್ತಿದ್ದೆನೋ ಏನೋ. ಮಾರನೇ ರಾತ್ರಿ ಕರೆಂಟ್ ಇತ್ತು. ನಾನೇ ಎದ್ದು ಲೈಟ್ ಆರಿಸಿದೆ. ಮೂರನೇ ರಾತ್ರಿಯೂ ಆರಿಸಿದೆ.

ಅದಾದ ಮೇಲೆ ಸಂಜೆ ಹೊತ್ತು ಅವಳು ಬಚ್ಚಲ ಕಡೆ ಹೋಗುವುದನ್ನು ಬಿಟ್ಟಳು. ನನ್ನ ನೆರಳು ಅವಳ ಮೇಲೆ ಬಿದ್ದರೆ ಸರಿದು ಕೂರುತ್ತಿದ್ದಳು. ಊರಿಂದ ಬಂದವಳು "ಏನಾಗಿದೆ ಇವಳಿಗೆ" ಅಂದಾಗ "ಗೊತ್ತಿಲ್ಲ" ಅಂದೆ. ಒಂದು ದಿನ ಬೆಳಿಗ್ಗೆ ಅವಳ ತಲೆ ಬಾಚುತ್ತಿದ್ದೆ. ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿ ಕೇಳಿದಳು: "ಅಪ್ಪಾ, ಅದು ನಿನ್ನ ಕೈಯಿಂದ ಬಂತಲ್ಲ. ವಾಪಸ್ ಒಳಗೆ ಹೋಯ್ತಾ?"

ನೀನು ಡಿ.ಎಡ್.ನಲ್ಲಿ ಓದಿದ್ದ, ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಭ್ಯಾಸ ಮಾಡಿದ ಮನೋವಿಜ್ಞಾನಿ ಪಿಯಾಜೆಯ ವಿಷಯ ಆವತ್ತು ಸುಮ್ನೆ ಕೇಳಿದ್ದಲ್ಲ, ಈಗ ಗೊತ್ತಾಯ್ತಾ? ಸಣ್ಣ ಮಕ್ಕಳು ನೆರಳನ್ನು ಒಂದು ವಸ್ತು ಅಂತಲೇ ತಿಳಿಯುತ್ತಾರೆ, ಅದು ಆಯಾ ವಸ್ತುವಿನ ಒಳಗಿಂದ ಹೊರಗೆ ಬರುತ್ತದೆ ಅಂದುಕೊಳ್ಳುತ್ತಾರೆ, ಬೆಳಕಿಗೆ ಅಡ್ಡ ಬಂದದ್ದರಿಂದ ಆಗುವುದು ಅಂತ ಸರಿಯಾಗಿ ಹೇಳುವುದಕ್ಕೆ ಎಂಟೊಂಬತ್ತು ವರ್ಷ ಆಗಬೇಕು ಅಂದೆ. ನೀನು ಪಾಠ ಹೇಳುವ ದನಿಯಲ್ಲಿ ಹೇಳುತ್ತಾ ಹೋದೆ. ನಾನು ಈ ಕಡೆ ಫೋನ್ ಹಿಡಿದು ಗೋಡೆಗೆ ಒರಗಿ ಕೂತುಬಿಟ್ಟೆ. ಗುಮ್ಮ ಹೊರಗಿನಿಂದ ಬಂದ ಅಂತ ನಾನು ಹೇಳಿದ್ದೆ. ಅವಳು ಕಂಡದ್ದು ಅಪ್ಪನ ಒಳಗಿಂದ ಬಂದದ್ದನ್ನು. ಹಗಲಲ್ಲಿ ನಾನು ಎತ್ತಿಕೊಂಡಾಗಲೂ ಅದು ಒಳಗೇ ಇದೆ ಅಂತ ಅವಳ ಲೆಕ್ಕ. ಎಷ್ಟು ದಿನ ಆ ಲೆಕ್ಕ ಇಟ್ಟುಕೊಂಡು ನನ್ನ ತೋಳಲ್ಲಿ ನಿದ್ದೆ ಮಾಡಿದಳೋ.

ಮನೆಯವಳಿಗೆ ಹೋದ ವಾರ ಹೇಳಿದೆ. ಏನೂ ಅನ್ನಲಿಲ್ಲ. ಆ ರಾತ್ರಿ ಪುಟ್ಟಿಯನ್ನು ಗೋಡೆ ಕಡೆಯಿಂದ ಎತ್ತಿ ತನ್ನ ಪಕ್ಕ ಮಲಗಿಸಿಕೊಂಡಳು.

ನೆರಳಿನ ಆಟ ಶುರುವಾದದ್ದು ಆ ತಲೆ ಬಾಚಿದ ದಿನ. ಸಂತೆಹೊಂಡದ ಹತ್ತಿರ ಹೋಗಿ ಒಂದು ಸಣ್ಣ ಟಾರ್ಚ್ ತಂದು ಅವಳ ಕೈಗೆ ಕೊಟ್ಟೆ. ಬೆಳಕು ಅವಳದು, ಗೋಡೆ ಹತ್ತಿರ ನಿಲ್ಲುವವನು ನಾನು. ಮೊದಲು ಬಾಗಿಲ ಮರೆಯಿಂದಲೇ ಬೆಳಕು ಬಿಟ್ಟಳು. ನಾನು ಅಲುಗಾಡಲಿಲ್ಲ. ಸ್ವಿಚ್ ಒತ್ತಿದಳು, "ಹೋಯ್ತು" ಅಂದಳು. ಮತ್ತೆ ಒತ್ತಿದಳು, "ಬಂತು." ಇಪ್ಪತ್ತು ಸಲ ಆಗಿರಬೇಕು. ಹತ್ತಿರ ಬಂದರೆ ನಾನು ಗೋಡೆ ತುಂಬ ಆಗುತ್ತೇನೆ, ಹಿಂದೆ ಹೋದರೆ ಕುಗ್ಗುತ್ತೇನೆ ಅಂತ ಅವಳೇ ಕಂಡುಕೊಂಡಳು. ನನ್ನನ್ನು ಇರುವೆಯಷ್ಟು ಮಾಡಬೇಕು ಅಂತ ಹಿಂದೆ ಹಿಂದೆ ಹೋಗಿ ಅಡುಗೆಮನೆ ಸೇರಿದಳು. ಆದರೆ ಟಾರ್ಚಿನ ನೆರಳು ಎಷ್ಟು ಹಿಂದೆ ಹೋದರೂ ಆಳಿಗಿಂತ ಚಿಕ್ಕದಾಗುವುದಿಲ್ಲವಲ್ಲ. ಅದೊಂದು ಅವಳಿಗೆ ಇವತ್ತಿಗೂ ಬೇಜಾರು.

ಒಂದು ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆ. ತಿಂದಾದ ಮೇಲೆ ಆ ಪೇಪರ್ ಚೂರಿನ ಹಿಂದೆ ಟಾರ್ಚ್ ಹಿಡಿದಳು. ಎಣ್ಣೆ ಹೀರಿದ ಕಡೆಯೆಲ್ಲ ಬೆಳಕು ಈಚೆ ಬರುತ್ತಿತ್ತು. ಒಣಗಿದ ಕಡೆ ಕಪ್ಪು. ಮಿರ್ಚಿ ಇದ್ದ ಜಾಗ ಮಿರ್ಚಿಯ ಆಕಾರದಲ್ಲೇ ಬೆಳಗುತ್ತಿತ್ತು! ನನಗೆ ತೊಗಲು ಗೊಂಬೆ ನೆನಪಾಯಿತು. ಅದೂ ಹೀಗೇ. ಮೇಕೆ ತೊಗಲನ್ನು ಹೆರೆದು ಹೆರೆದು ಬೆಳಕು ತೂರುವಷ್ಟು ತೆಳ್ಳಗೆ ಮಾಡಿ ಬಣ್ಣ ಹಾಕುತ್ತಾರೆ. ಹಿಂದೆ ದೀಪ ಇಟ್ಟರೆ ಪರದೆ ಮೇಲೆ ಕೆಂಪು ಹಸಿರಿನ ನೆರಳು. ಮಳೆ ಹೋದ ವರ್ಷ ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಅಂತ ನಮ್ಮ ಬಯಲುಸೀಮೆಯ ನಂಬಿಕೆ. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಪೇಪರಿನ ಫೋಟೋ ಕತ್ತರಿಸಿ ಇಟ್ಟಿದ್ದೆ. ಅದನ್ನು ತೆಗೆದು ತೋರಿಸಿದೆ. "ಈ ಅಜ್ಜಿಗೆ ಬಣ್ಣದ ನೆರಳು ಮಾಡೋಕೆ ಬರುತ್ತೆ" ಅಂದೆ. ಅವಳು ಫೋಟೋದ ಹಿಂದೆಯೂ ಟಾರ್ಚ್ ಹಿಡಿದಳು.

ಈಗ ನಮ್ಮನೆಯಲ್ಲೂ ಆಟ ನಡೆಯುತ್ತದೆ. ಎರಡು ಕುರ್ಚಿಗೆ ಕಟ್ಟಿದ ಹಳೇ ಪಂಚೆಯೇ ಪರದೆ. ತಪ್ಪಾಗಿ ಪ್ರಿಂಟಾದ ಲಗ್ನಪತ್ರಿಕೆ ಕತ್ತರಿಸಿದರೆ ಗೊಂಬೆ. ಕೈಗೆ ಪೊರಕೆ ಕಡ್ಡಿ. ಮೊನ್ನೆ "ಗುಮ್ಮನ್ನ ಮಾಡಿಕೊಡು" ಅಂದಳು. ನನ್ನ ಕೈ ಕತ್ತರಿ ಹಿಡಿದು ಹಾಗೇ ನಿಂತಿತು. "ಮಾಡಪ್ಪ" ಅಂದಳು. ಮಾಡಿದೆ. "ಹೊಟ್ಟೆಗೆ ಕಿಟಕಿ ಇಡು, ಒಳಗೆ ಏನಿದೆ ನೋಡಬೇಕು." ಚೌಕ ಕತ್ತರಿಸಿ ಎಣ್ಣೆ ಕಾಗದ ಅಂಟಿಸಿದೆ. ಹಳದಿ ಬೆಳಕು ಬಂತು. ತುಂಬ ಹೊತ್ತು ನೋಡಿ "ಏನೂ ಇಲ್ಲ" ಅಂದಳು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಹೋದ ಭಾನುವಾರ ಬೈಕಿನಲ್ಲಿ ಗಾಳಿಯಂತ್ರಗಳ ಗುಡ್ಡದ ಕಡೆ ಹೋಗಿದ್ದೆವು. ಬಿಸಿಲು ಇಳಿದಿತ್ತು. ರೆಕ್ಕೆಗಳ ನೆರಳು ರಸ್ತೆ ಮೇಲೆ ಸರ್‍ರನೆ ಬಂದು ನಮ್ಮನ್ನು ದಾಟಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಪುಟ್ಟಿ ಟ್ಯಾಂಕಿನ ಮೇಲೆ ತಲೆ ತಗ್ಗಿಸಿ ನನ್ನ ಅಂಗಿ ಹಿಡಿದಳು. ಬೈಕ್ ನಿಲ್ಲಿಸಿದೆ. ಮೇಲೆ ತಿರುಗುವ ರೆಕ್ಕೆ ತೋರಿಸಿದೆ, ಕೆಳಗೆ ನೆರಳು ತೋರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಇಳಿದು ನೆರಳು ಬಂದಾಗಲೆಲ್ಲ ಹಾರಿದಳು. ಹಾರುವಾಗಲೂ ನನ್ನ ಬೆರಳು ಬಿಡಲಿಲ್ಲ. ನನ್ನ ಬೆರಳೇ ಹಿಡಿದಿದ್ದಳು, ಅದು ನನಗೆ ಸಾಕಾಗಿತ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತವನಲ್ಲ. ಇರಲಿ, ನೀನು ಬರುವ ಮಾತಾಡೋಣ. ಏಪ್ರಿಲ್ ಕೊನೇ ವಾರ ನಮ್ಮೂರಿಗೂ ನಿಮ್ಮೂರಿಗೂ ಸೂರ್ಯ ನೆತ್ತಿಗೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸು ಸ್ಟೀಲ್ ಲೋಟ ನೆಟ್ಟಗೆ ಇಟ್ಟರೆ ಸುತ್ತ ನೆರಳೇ ಇರುವುದಿಲ್ಲ. ಪುಟ್ಟಿಗೆ ಹೇಳಿದ್ದೇನೆ. "ಆವತ್ತು ನೆರಳು ಎಲ್ಲಿಗೆ ಹೋಗುತ್ತೆ" ಅಂತ ದಿನಾ ಕೇಳುತ್ತಾಳೆ. "ಮಾವ ಬಂದು ಹೇಳ್ತಾನೆ" ಅಂತ ನಿನ್ನ ತಲೆಗೆ ಕಟ್ಟಿದ್ದೇನೆ. ದಾವಣಗೆರೆಯಿಂದ ಒಂದೂವರೆ ಗಂಟೆ ದಾರಿ, ನೆಪ ಹೇಳಬೇಡ. ಮೋಡ ಕವಿದರೆ ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಸಿಗುತ್ತದೆ, ಆಗಲೂ ಬಾ. ಟೆರೇಸಿನಲ್ಲಿ ನಿನಗೆ ಅಂತ ನೀಲಿ ಸೀಮೆಸುಣ್ಣ ಎತ್ತಿಟ್ಟಿದ್ದಾಳೆ.

ಬರುವಾಗ ಪೆನ್ಸಿಲ್ ಸೆಲ್ ತಗೊಂಡು ಬಾ. ನಾಲ್ಕು. ಇಲ್ಲಿ ವಾರಕ್ಕೆರಡು ಖಾಲಿಯಾಗುತ್ತಿವೆ.

ನಿನ್ನ,
ಕೊಡೆ ಕೊಡದವನು