ಗಿಡ್ಡ ಅಡಿಕೆ ಮರ ಯಾರ ಕಷ್ಟ ನೋಡಿ ಹುಟ್ಟಿತು?

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲೇ ನಿನಗೆ ಉತ್ತರ ಕೊಡುತ್ತಿದ್ದೆ. ಆದರೆ ಪೆರ್ಲದ ಈ ಗುಡ್ಡದ ಬುಡದಲ್ಲಿ ನೆಟ್‌ವರ್ಕ್ ಎಷ್ಟು ಹೊತ್ತು ನಿಲ್ಲುತ್ತದೆಂದು ನಿನಗೆ ಗೊತ್ತೇ ಇದೆ. "ಮರ ಹತ್ತುವವರು ಸಿಗದ ಕಾಲ ಬಂತು, ಅಡಿಕೆ ಮರವೇ ಗಿಡ್ಡವಾಯಿತು, ಪ್ರಕೃತಿ ಅಗತ್ಯ ನೋಡಿ ಕೊಡುತ್ತದೆ" ಎಂದೆಯಲ್ಲ, ಕೇಳಲು ಚೆಂದವಾಗಿದೆ. ನಾನು ಮಾತ್ರ ಒಪ್ಪುವುದಿಲ್ಲ.

ಹಿರೇಹಳ್ಳಿ ಗಿಡ್ಡ ಎಂಬ ಅಡಿಕೆ ತಳಿಯನ್ನೇ ನೋಡು. ತುಮಕೂರು ಕಡೆಯ ಹಿರೇಹಳ್ಳಿಯಲ್ಲಿ ತಾನಾಗಿ ಕಾಣಿಸಿಕೊಂಡ ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಿ ಆದ ಆಕಸ್ಮಿಕ ಬದಲಾವಣೆ, ಅದು. ಗೆಣ್ಣುಗಳ ನಡುವಿನ ಅಂತರ ಕುಗ್ಗಿತು, ಮರ ಮೇಲೇಳಲಿಲ್ಲ. ನಮ್ಮ ಕಷ್ಟ ನೋಡಿ ಬಂದ ಮರವಾದರೆ ಒಳ್ಳೆಯ ಫಸಲನ್ನಾದರೂ ಕೊಡಬೇಕಿತ್ತಲ್ಲವೇ? ಇಳುವರಿ ಕಡಿಮೆ, ಅಡಿಕೆಯ ಆಕಾರವೂ ಸೊಟ್ಟ. ದಟ್ಟ ಕಾಡಿನಲ್ಲಿ ಹುಟ್ಟಿದ್ದರೆ ಬಿಸಿಲಿಗಾಗಿ ನಡೆಯುವ ಪೈಪೋಟಿಯಲ್ಲಿ ಅದು ಸೋಲುತ್ತಿತ್ತು. ಉಳಿದದ್ದು ಮನುಷ್ಯರ ಕಣ್ಣಿಗೆ ಬಿದ್ದುದರಿಂದ. ತೋಟದ ಬೆಳೆಗಳ ಸಂಶೋಧನೆ ನಡೆಸುವ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯ ವಿಟ್ಲ ಕೇಂದ್ರದವರು ಅದನ್ನು ಸುಮಂಗಳ, ಮೋಹಿತನಗರ ತಳಿಗಳ ಜೊತೆ ಸಂಕರ ಮಾಡಿ ವಿಟಿಎಲ್‌ಎಎಚ್-1, ವಿಟಿಎಲ್‌ಎಎಚ್-2 ಎಂಬ ತಳಿಗಳನ್ನು ತಂದರು. (ಸಸಿ ಕೇಳಲು ಹೋಗುವ ಕೃಷಿಕನ ನಾಲಗೆಯನ್ನು ಹೆಸರಿಟ್ಟವರು ನೆನೆದಂತಿಲ್ಲ.)

ಅಗತ್ಯ ಬಂದ ಮೇಲೆ ಜೀವಿ ಬದಲಾಗುತ್ತದೆಯೋ, ಬದಲಾವಣೆ ಮೊದಲೇ ಇದ್ದು ಅಗತ್ಯವು ಅದನ್ನು ಆರಿಸಿಕೊಳ್ಳುತ್ತದೆಯೋ? 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಇದನ್ನು ಪರೀಕ್ಷಿಸಿದ ಜಾಣ್ಮೆ ನನಗೆ ತುಂಬ ಇಷ್ಟ. ಹಲವು ನಳಿಗೆಗಳಲ್ಲಿ ಸ್ವಲ್ಪವೇ ಬ್ಯಾಕ್ಟೀರಿಯಾ ಹಾಕಿ, ಪ್ರತ್ಯೇಕವಾಗಿ ಬೆಳೆಯಲು ಬಿಟ್ಟರು. ಆಮೇಲೆ ಒಂದೊಂದು ನಳಿಗೆಯದನ್ನೂ ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ ಸವರಿದ ತಟ್ಟೆಗೆ ಹರಡಿದರು. ವೈರಸ್ ಎದುರಾದ ಮೇಲೆಯೇ ಬ್ಯಾಕ್ಟೀರಿಯಾ ಬದಲಾಗುವುದಾದರೆ ಎಲ್ಲ ತಟ್ಟೆಗಳಲ್ಲೂ ಬದುಕಿದವು ಹೆಚ್ಚುಕಡಿಮೆ ಅಷ್ಟಷ್ಟೇ ಇರಬೇಕು. ಆದದ್ದು ಬೇರೆ: ಎಷ್ಟೋ ತಟ್ಟೆಗಳಲ್ಲಿ ಒಂದೂ ಇಲ್ಲ, ಅಲ್ಲೊಂದು ಇಲ್ಲೊಂದು ತಟ್ಟೆಯಲ್ಲಿ ನೂರಕ್ಕೂ ಮಿಕ್ಕಿ. ಹಾಗೆ ನೂರು ದಾಟಿದ ತಟ್ಟೆಯ ನಳಿಗೆಯಲ್ಲಿ, ವೈರಸ್ಸಿನ ಸುಳಿವೂ ಇಲ್ಲದಾಗ, ಎಷ್ಟೋ ತಲೆಮಾರು ಹಿಂದೆ, ಒಂದು ಬ್ಯಾಕ್ಟೀರಿಯಾದ ಡಿಎನ್‌ಎ ನಕಲಾಗುವಾಗ ತಪ್ಪು ನಡೆದಿತ್ತು; ಅಲ್ಲಿ ಬದುಕಿದ್ದು ಅದರ ಸಂತಾನ. ಇಬ್ಬರಿಗೂ 1969ರಲ್ಲಿ ನೊಬೆಲ್ ಬಂತು.

ಇದೇ ಕಣ್ಣಿನಿಂದ ಅಡಿಕೆ ಕಾಯಿ ಕೊಳೆಸುವ ಕೊಳೆರೋಗವನ್ನು ನೋಡು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿದ್ದಾಗ ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೆ ಬಂದು ನೂರು ವರ್ಷ ದಾಟಿತು. 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಲವಣ), 1 ಕಿಲೋ ಸುಣ್ಣ. ಈಗಲೂ ನಾವು ಬಿಡುವುದು ಅದೇ ಮದ್ದು. ತಾಮ್ರ ರೋಗಾಣುವಿನ ಹಲವು ಕಿಣ್ವಗಳನ್ನು ಒಮ್ಮೆಲೇ ಕೆಡಿಸುತ್ತದೆ, ಹಾಗಾಗಿ ಒಂದು ಮ್ಯುಟೇಶನ್ ಆದರೆ ಅದಕ್ಕೆ ಪಾರಾಗಲು ಸಾಲದು. ಮೆಟಲಾಕ್ಸಿಲ್ ಎಂಬ ಮದ್ದು ಹಾಗಲ್ಲ, ಅದರ ಗುರಿ ಒಂದೇ. 1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. 1980ಕ್ಕಾಗಲೇ ಐರ್ಲೆಂಡ್ ಮತ್ತು ನೆದರ್‌ಲ್ಯಾಂಡ್ಸ್‌ನ ಆಲೂಗಡ್ಡೆ ಹೊಲಗಳಲ್ಲಿ ನಮ್ಮ ಕೊಳೆರೋಗಾಣುವಿನ ದಾಯಾದಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಮದ್ದು ಆ ರೋಗಾಣುವಿಗೆ ಏನನ್ನೂ ಕಲಿಸಿರಲಿಲ್ಲ. ಉಳಿದವುಗಳನ್ನು ಕೊಂದು ಜಾಗ ತೆರವು ಮಾಡಿಕೊಟ್ಟಿತು, ಅಷ್ಟೇ.

ನಿನ್ನ ಮಗುವಿನ ಮೂಗು ಯಾರದೆಂಬ ವಾದ ಮುಗಿಯಿತೇ? ನಿಮ್ಮಿಬ್ಬರ ಮೈಯಲ್ಲೂ ಇಲ್ಲದ, ಹೊಸದಾಗಿ ಹುಟ್ಟಿದ ಸುಮಾರು 60-70 ಮ್ಯುಟೇಶನ್‌ಗಳು ಅವನಲ್ಲೂ ಇರುತ್ತವೆ. ಹೆದರಬೇಡ, ಎಲ್ಲ ಮಕ್ಕಳಲ್ಲೂ ಹಾಗೆಯೇ; ಹೆಚ್ಚಿನವು ಇದ್ದರೂ ಇಲ್ಲದಂತೆ.

ಮಳೆಗಾಲಕ್ಕೆ ಮೊದಲು ಕೆಳಗಿನ ತೋಟದಲ್ಲಿ ಸಂಕರ ಸಸಿ ನೆಡಬೇಕೆಂದಿದ್ದೇನೆ. ಮೇಲಿನ ತೋಟದ ಅಜ್ಜನ ಕಾಲದ ಎತ್ತರದ ಮರಗಳನ್ನು ಕಡಿಯುವುದಿಲ್ಲ, ಅವಕ್ಕೆ ಕೆಳಗೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇದೆ. ಎಲೆಚುಕ್ಕಿ ರೋಗದ ಅಬ್ಬರ ನೋಡಿದ ಮೇಲೆ ಇಡೀ ತೋಟಕ್ಕೆ ಒಂದೇ ತಳಿ ಹಾಕಲು ನನಗೆ ಧೈರ್ಯವಿಲ್ಲ. ನಿನ್ನ ಅಪ್ಪನಿಗೂ ಸಸಿ ಬೇಕಾದರೆ ಬೇಗ ತಿಳಿಸು, ಒಟ್ಟಿಗೇ ಹೇಳಿಡುತ್ತೇನೆ.

ನಿನ್ನ ಗೆಳೆಯ